ಕುದುರೆ ಪ್ಯಾಡಕ್‌ನಲ್ಲಿ ಹುಲ್ಲು ನಿಲ್ಲುತ್ತಿಲ್ಲವೇ? ಬೀಜದ ಚೀಲ ಆಮೇಲೆ ಬಿಚ್ಚಿ

ಪ್ರಶ್ನೆ: ಎರಡು ದೊಡ್ಡ ಕುದುರೆಗಳಿಗೆ ಮೂರು ಎಕರೆ ಪ್ಯಾಡಕ್ ಇದೆ. ಸುತ್ತ ಒಂದೇ ಬೇಲಿ, ವರ್ಷವಿಡೀ ಅಲ್ಲೇ ಮೇಯುತ್ತವೆ. ಕೆಲವು ಕಡೆ ನೆಲ ಪೂರ್ತಿ ಬೋಳು. ಇನ್ನು ಕೆಲವು ಕಡೆ ಹುಲ್ಲು ಮೊಣಕಾಲೆತ್ತರ ಬೆಳೆದಿದ್ದರೂ ಬಾಯಿ ಹಾಕುವುದಿಲ್ಲ. ಗೇಟಿನ ಬಳಿ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ದೂಳು. ಎರಡು ಸಲ ಉಳುಮೆ ಮಾಡಿ ಬೀಜ ಚೆಲ್ಲಿದೆವು. ಮೊಳಕೆ ಚೆನ್ನಾಗಿಯೇ ಬಂತು, ನಾಲ್ಕೈದು ತಿಂಗಳಲ್ಲಿ ಮತ್ತೆ ಬೋಳು. ಯಾವ ಬೀಜ ಹಾಕಿದರೆ ನಿಲ್ಲುತ್ತದೆ? ಪಕ್ಕದವರು ನೇಪಿಯರ್ ಹಾಕಿ ಎನ್ನುತ್ತಾರೆ. ಅವರ ಹಸುಗಳನ್ನೂ ಇದೇ ಜಾಗದಲ್ಲಿ ಮೇಯಲು ಬಿಡಬಹುದೇ?

ಉತ್ತರ: ಮೊಳಕೆ ಚೆನ್ನಾಗಿ ಬಂದಿತ್ತು ಎಂದಿದ್ದೀರಿ. ಹಾಗಿದ್ದರೆ ತಪ್ಪು ಬೀಜದ್ದಲ್ಲ. ನಿಮ್ಮ ಹುಲ್ಲಿಗೆ ಬಿಡುವು ಸಿಕ್ಕಿಲ್ಲ, ಅಷ್ಟೇ. ಮೂರನೇ ಸಲ ಯಾವ ಬೀಜ ತಂದು ಹಾಕಿದರೂ ಈಗಿನ ವ್ಯವಸ್ಥೆಯಲ್ಲಿ ಅದಕ್ಕೂ ಇದೇ ಗತಿ. ಕುದುರೆಗಳು ಹುಲ್ಲಿನ ಮೇಲೆ ಇಲ್ಲದಿರುವಾಗ ಎಲ್ಲಿ ನಿಲ್ಲುತ್ತವೆ ಎಂಬುದು ಮೊದಲು ಇತ್ಯರ್ಥವಾಗಬೇಕು. ಬೀಜದ ಸರದಿ ಬರುವುದು ಕೊನೆಗೆ.

ಬೋಳು ಜಾಗದ ಅಂಚಿನಲ್ಲಿ ಕುಳಿತು ಒಂದು ಹುಲ್ಲಿನ ಬುಡವನ್ನು ಬೆರಳಲ್ಲಿ ಬಿಡಿಸಿ ನೋಡಿ. ನೆಲಕ್ಕೆ ತಾಗುವ ಕಡೆ ದಂಟು ಬಿಳಿಚಿಕೊಂಡು ತುಸು ದಪ್ಪಗಿರುತ್ತದೆ. ಎಲೆ ಹೋದ ಮೇಲೆ ಮತ್ತೆ ಚಿಗುರಲು ಬೇಕಾದ ಆಹಾರವನ್ನು ಗಿಡ ಕೂಡಿಟ್ಟುಕೊಳ್ಳುವುದು ಕೆಳಗಿನ ಈ ಏಳೆಂಟು ಸೆಂಟಿಮೀಟರ್‌ನಲ್ಲೇ. ಹಸುವಿಗೆ ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲ. ನಾಲಿಗೆಯಿಂದ ಸುತ್ತಿ ಎಳೆದು ತಿನ್ನುವುದರಿಂದ ಬುಡ ಉಳಿಯುತ್ತದೆ. ಕುದುರೆಗೆ ಮೇಲೂ ಕೆಳಗೂ ಬಾಚಿಹಲ್ಲಿದೆ, ತುಟಿ ಚುರುಕು, ನೆಲಕ್ಕೆ ಹತ್ತಿ ಕತ್ತರಿಸುತ್ತದೆ. ದಿನಕ್ಕೆ 14ರಿಂದ 16 ಗಂಟೆ ಮೇಯುವ ಪ್ರಾಣಿ ಅದು. ಎಳೆ ಚಿಗುರು ರುಚಿ, ಹಾಗಾಗಿ ನಿನ್ನೆ ತಿಂದ ಜಾಗಕ್ಕೇ ಇಂದು ಮತ್ತೆ ಬರುತ್ತದೆ. ಚಿಗುರು ಹೀಗೆ ಪದೇ ಪದೇ ಹೋದಾಗ ಗಿಡ ಬುಡದ ದಾಸ್ತಾನು ಖಾಲಿ ಮಾಡುತ್ತದೆ, ಬೇರನ್ನು ಒಣಗಲು ಬಿಡುತ್ತದೆ. ಬೇರು ಮೋಟಾದ ಹುಲ್ಲು ಮೊದಲ ಬಿಸಿಲಿಗೇ ಸಾಯುತ್ತದೆ. ತೆರವಾದ ಜಾಗಕ್ಕೆ ಕಳೆ ಬರುತ್ತದೆ.

ಮೊಣಕಾಲೆತ್ತರದ ಹುಲ್ಲಿನ ಕಥೆ ಬೇರೆ. ಅದು ಕುದುರೆಗಳ ಲದ್ದಿ ಜಾಗ. ಅಲ್ಲಿ ಲದ್ದಿ ಹಾಕುತ್ತವೆ, ಅಲ್ಲಿ ಮೇಯುವುದಿಲ್ಲ. ಹೀಗೆ ವರ್ಷಗಟ್ಟಲೆ ನಡೆದರೆ ಮೇಯುವ ಜಾಗದ ಪೊಟ್ಯಾಷ್, ರಂಜಕ ಎಲ್ಲ ಲದ್ದಿ ಜಾಗಕ್ಕೆ ಸಾಗಣೆಯಾಗುತ್ತದೆ. ಒಂದು ಕಡೆ ನೆಲ ಬಡವಾಗುತ್ತದೆ, ಇನ್ನೊಂದು ಕಡೆ ಕೊಬ್ಬುತ್ತದೆ. ಮಣ್ಣು ಪರೀಕ್ಷೆಗೆ ಎರಡೂ ಕಡೆಯ ಮಣ್ಣನ್ನು ಬೆರೆಸಿ ಕಳಿಸುವವರೇ ಹೆಚ್ಚು. ಆ ಸರಾಸರಿ ಅಂಕಿ ಎರಡು ಜಾಗಕ್ಕೂ ಹೊಂದುವುದಿಲ್ಲ. ಬೋಳು ಭಾಗದ್ದು ಒಂದು ಚೀಲ, ಲದ್ದಿ ಭಾಗದ್ದು ಇನ್ನೊಂದು ಚೀಲ ಮಾಡಿ. ಪ್ರತಿಯೊಂದಕ್ಕೂ ಅಂಕುಡೊಂಕಾಗಿ ನಡೆದು 15ರಿಂದ 20 ಕಡೆ, 10 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕೆಜಿ ಕಳಿಸಿ.

ಈಗ ಜಾಗದ ಲೆಕ್ಕ. 500 ಕೆಜಿ ತೂಕದ ಕುದುರೆ ದಿನಕ್ಕೆ ತನ್ನ ತೂಕದ ಸುಮಾರು ನೂರಕ್ಕೆ ಎರಡರಷ್ಟು, ಅಂದರೆ 10 ಕೆಜಿ ಒಣ ಮೇವು ತಿನ್ನುತ್ತದೆ. ಎರಡಕ್ಕೆ 20 ಕೆಜಿ. ದಟ್ಟವಾದ ಹುಲ್ಲು ಒಂದು ಎಕರೆಯಲ್ಲಿ ಪ್ರತಿ ಸೆಂಟಿಮೀಟರ್ ಎತ್ತರಕ್ಕೆ ಸುಮಾರು 35ರಿಂದ 45 ಕೆಜಿ ಒಣ ಮೇವು ಕೊಡುತ್ತದೆ. ತೆಳ್ಳಗಿದ್ದರೆ ಅದರ ಅರ್ಧ. ಮೂರು ಎಕರೆ ಎಂದರೆ 120 ಗುಂಟೆ. ಐದು ಗುಂಟೆಯನ್ನು ಹುಲ್ಲಿಲ್ಲದ ಗಟ್ಟಿ ಅಂಗಳಕ್ಕೆ ಬಿಟ್ಟು, ಉಳಿದ 115 ಗುಂಟೆಯನ್ನು 23 ಗುಂಟೆಯ ಐದು ತುಂಡು ಮಾಡಿ. ಒಂದು ತುಂಡಿನಲ್ಲಿ ಹುಲ್ಲು 20 ಸೆಂಟಿಮೀಟರ್‌ಗೆ ಬಂದಾಗ ಕುದುರೆ ಬಿಟ್ಟು, 8 ಸೆಂಟಿಮೀಟರ್‌ಗೆ ಇಳಿದಾಗ ಹೊರಗೆ ತಂದರೆ ನಡುವಿನ 12 ಸೆಂಟಿಮೀಟರ್‌ನಲ್ಲಿ 240ರಿಂದ 310 ಕೆಜಿ ಮೇವು ಇರುತ್ತದೆ. ತುಳಿತಕ್ಕೆ, ಲದ್ದಿಗೆ ಮೂರನೇ ಒಂದು ಭಾಗ ಹೋದರೂ ಆರು ದಿನಕ್ಕೆ ಧಾರಾಳ. ಐದು ತುಂಡು, ಒಂದೊಂದರಲ್ಲಿ ಆರು ದಿನ ಎಂದರೆ ಪ್ರತಿ ತುಂಡಿಗೂ 24 ದಿನ ಬಿಡುವು. ಹುಲ್ಲು ಭರದಿಂದ ಬೆಳೆಯುವ ಕಾಲಕ್ಕೆ ಇಷ್ಟು ಸಾಕು.

ಆದರೆ ಈ 24 ಎಂಬ ಅಂಕಿಯನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಡಿ. ಒಣಗಾಲದಲ್ಲಿ ಹುಲ್ಲು 20 ಸೆಂಟಿಮೀಟರ್ ಮುಟ್ಟಲು 45, 60 ದಿನವೂ ಬೇಕಾಗಬಹುದು. ಹೆಚ್ಚಿನವರು ಎಡವುವುದು ಇಲ್ಲೇ: ಹುಲ್ಲು ನಿಧಾನವಾದಂತೆ ಕುದುರೆಗಳನ್ನು ಬೇಗ ಬೇಗ ತುಂಡಿನಿಂದ ತುಂಡಿಗೆ ಓಡಿಸುತ್ತಾರೆ. ಮಾಡಬೇಕಾದ್ದು ಉಲ್ಟಾ. ಮುಂದಿನ ತುಂಡು ಸಿದ್ಧವಿಲ್ಲದಿದ್ದರೆ ಕುದುರೆಗಳು ಗಟ್ಟಿ ಅಂಗಳದಲ್ಲಿ ನಿಂತು ಒಣಹುಲ್ಲು ತಿನ್ನಬೇಕು; ಎರಡಕ್ಕೆ ದಿನಕ್ಕೆ 22–23 ಕೆಜಿ. ಮಳೆ ಹಿಡಿದಾಗಲೂ ಅಷ್ಟೇ. ಪ್ಯಾಡಕ್‌ನಲ್ಲಿ ನಿಮ್ಮ ಹಿಮ್ಮಡಿ ಎರಡು ಮೂರು ಸೆಂಟಿಮೀಟರ್‌ಗಿಂತ ಆಳಕ್ಕೆ ಇಳಿಯಿತೆಂದರೆ ಆ ದಿನ ಕುದುರೆ ಹುಲ್ಲಿಗೆ ಇಳಿಯುವುದು ಬೇಡ.

ಹಾಗಾಗಿ ಮೊದಲ ಖರ್ಚು ಆ ಅಂಗಳಕ್ಕೆ ಮಾಡಿ. ಎತ್ತರದ, ನೀರು ನಿಲ್ಲದ ಜಾಗ ಹುಡುಕಿ. ಕುದುರೆಗೆ ಕನಿಷ್ಠ 40 ಚದರ ಮೀಟರ್ ಬೇಕು, ಐದು ಗುಂಟೆ ಇದ್ದರೆ ಎರಡೂ ಅಡ್ಡಾಡಿಕೊಂಡಿರಬಹುದು. ಎಲ್ಲ ತುಂಡುಗಳ ಬಾಯಿ ಈ ಅಂಗಳಕ್ಕೇ ತೆರೆದುಕೊಳ್ಳುವಂತೆ ಬೇಲಿ ಎಳೆದರೆ ನೀರಿನ ತೊಟ್ಟಿ, ಉಪ್ಪಿನ ಗಡ್ಡೆ, ನೆರಳು ಒಂದೇ ಕಡೆ ಸಾಕಾಗುತ್ತವೆ. ಒಳಬೇಲಿಗೆ ಕರೆಂಟ್ ಹಾಯುವ ಅಗಲದ ಬಿಳಿ ಟೇಪ್ ಎರಡು ಸಾಲು, ಮೇಲಿನದು 110ರಿಂದ 120 ಸೆಂಟಿಮೀಟರ್ ಎತ್ತರಕ್ಕೆ. ಮುಳ್ಳುತಂತಿ ಕುದುರೆಗೆ ಎಲ್ಲಿಯೂ ಬೇಡ.

ಗೇಟಿನ ಕೆಸರಿನ ಮೇಲೆ ನೇರವಾಗಿ ಜಲ್ಲಿ ಸುರಿಯುವುದು ಹಣವನ್ನು ಮಣ್ಣಿಗೆ ಹಾಕಿದಂತೆ. ಗೊರಸಿನ ಒತ್ತಡಕ್ಕೆ ಕಲ್ಲು ಕೆಳಗಿಳಿಯುತ್ತದೆ, ಕೆಸರು ಮೇಲೇಳುತ್ತದೆ, ಒಂದೇ ಮಳೆಗಾಲದಲ್ಲಿ ಎರಡೂ ಕಲೆತುಹೋಗುತ್ತವೆ. ಮೇಲಿನ 15–20 ಸೆಂಟಿಮೀಟರ್ ಕೆಸರು ಮಣ್ಣು ಎತ್ತಿ ಹಾಕಿ. ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಕೆಲಸ ಅದರದ್ದು. ಅದರ ಮೇಲೆ 10ರಿಂದ 15 ಸೆಂಟಿಮೀಟರ್ 40 ಎಂಎಂ ಜಲ್ಲಿ, ಮೇಲೆ 5ರಿಂದ 8 ಸೆಂಟಿಮೀಟರ್ ಕಲ್ಲುಪುಡಿ, ರೋಲರ್ ಹೊಡೆದು ಬಿಗಿ ಮಾಡಿ. ಸುತ್ತಲಿನ ನೆಲಕ್ಕಿಂತ ತುಸು ಎತ್ತರದಲ್ಲಿದ್ದು ಒಂದು ಬದಿಗೆ ಇಳಿಜಾರು ಇರಲಿ. ಮೇಲಿನಿಂದ ಹರಿದು ಬರುವ ನೀರನ್ನು ತಡೆದು ಬೇರೆಡೆಗೆ ಒಯ್ಯಲು ಬಸಿಗಾಲುವೆ ಬೇಕೇಬೇಕು. ಮೂಲೆಯಲ್ಲಿ, ತಗ್ಗಿನಲ್ಲಿ ಗೇಟ್ ಇದ್ದರೆ ಅದನ್ನೇ ಕಿತ್ತು ಎತ್ತರಕ್ಕೆ ಹಾಕುವುದು ಎಷ್ಟೋ ಸಲ ಎಲ್ಲಕ್ಕಿಂತ ಅಗ್ಗದ ದಾರಿ.

ಅಂಗಳ ಸಿದ್ಧವಾದ ಮೇಲೆ ನೆಲ ನೋಡಿ. ಮಳೆ ಬಂದು ಎರಡು ದಿನಕ್ಕೆ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಅಂಗೈಯಿಂದ ಒತ್ತಿದರೆ 10–15 ಸೆಂಟಿಮೀಟರ್ ಸಲೀಸಾಗಿ ಇಳಿಯಬೇಕು. ತಡೆದರೆ ಗುದ್ದಲಿ ತೆಗೆದುಕೊಂಡು 20 ಸೆಂಟಿಮೀಟರ್ ಆಳದ ಹೆಂಟೆಯೊಂದನ್ನು ಇಡಿಯಾಗಿ ಎಬ್ಬಿಸಿ, ಕೈಯಲ್ಲಿ ಮುರಿಯಿರಿ. ಒಳ್ಳೆಯ ಮಣ್ಣು ಕಾಳುಕಾಳಾಗಿ ಉದುರುತ್ತದೆ, ಬೇರು ನೇರ ಕೆಳಗಿಳಿದಿರುತ್ತದೆ. ಗೊರಸಿನ ತುಳಿತಕ್ಕೆ ಗಟ್ಟಿಯಾದ ಮಣ್ಣು ಹಲಗೆಹಲಗೆಯಾಗಿ ಒಡೆಯುತ್ತದೆ. ಬೇರುಗಳು ಆರೇಳು ಸೆಂಟಿಮೀಟರ್ ಇಳಿದು ಅಲ್ಲಿಂದ ಅಡ್ಡಕ್ಕೆ ತಿರುಗಿರುತ್ತವೆ. ಬೂದು ನೀಲಿ ಬಣ್ಣ, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಅಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ. ಬಸಿಗಾಲುವೆ ತೋಡದೆ ಮುಂದಿನ ಯಾವ ಕೆಲಸವೂ ಪ್ರಯೋಜನಕ್ಕೆ ಬರದು.

ಗಟ್ಟಿ ಪದರ ಮೇಲೆಯೇ ಇದ್ದರೆ ಬ್ಲೇಡ್ ಇರುವ ಏರೇಟರ್‌ನಿಂದ 10–15 ಸೆಂಟಿಮೀಟರ್ ಸೀಳಿಸಿ. ಆಳದಲ್ಲಿದ್ದರೆ ಸಬ್‌ಸಾಯ್ಲರ್, ಅಂದರೆ ಮಣ್ಣು ಮಗುಚದೆ ಆಳಕ್ಕೆ ಸೀಳುವ ನೇಗಿಲು ಬೇಕು. ಅದರ ಮೊನೆ ಗಟ್ಟಿ ಪದರಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ ಹೋಗಬೇಕು. ಎರಡಕ್ಕೂ ಹದ ಮುಖ್ಯ. ಆ ಆಳದ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ 3 ಮಿಲಿಮೀಟರ್ ದಪ್ಪದ ಬತ್ತಿ ಮುರಿಯದೆ ಬಂತೆಂದರೆ ಮಣ್ಣು ಇನ್ನೂ ಹಸಿ. ಆಗ ಯಂತ್ರ ಇಳಿಸಿದರೆ ಮಣ್ಣು ಬಿರಿಯುವುದಿಲ್ಲ, ಸೀಳಿನ ಗೋಡೆ ಸವರಿ ನುಣ್ಣಗಾಗುತ್ತದೆ, ಟ್ರ್ಯಾಕ್ಟರ್ ಚಕ್ರ ಇನ್ನಷ್ಟು ಅದುಮುತ್ತದೆ. ಬತ್ತಿ ಪುಡಿಪುಡಿಯಾಗುವ ದಿನಕ್ಕೆ ಕಾಯಿರಿ.

ಪೂರ್ತಿ ಉಳಬೇಕೇ ಬೇಡವೇ ಎಂಬುದನ್ನು ಎಣಿಸಿ ತೀರ್ಮಾನಿಸಿ. ಪ್ಯಾಡಕ್‌ನ ಉದ್ದಗಲಕ್ಕೆ ನೂರು ಹೆಜ್ಜೆ ಹಾಕಿ, ಪ್ರತಿ ಹೆಜ್ಜೆಗೂ ಬೂಟಿನ ತುದಿ ಯಾವುದರ ಮೇಲೆ ಬಿತ್ತು ಎಂದು ಬರೆದುಕೊಳ್ಳಿ: ಒಳ್ಳೆಯ ಹುಲ್ಲು, ಕಳೆ, ಬೋಳು ನೆಲ. ಒಳ್ಳೆಯ ಹುಲ್ಲು 70ಕ್ಕಿಂತ ಹೆಚ್ಚಿದ್ದರೆ ಬೀಜವೇ ಬೇಡ, ಬಿಡುವು ಮತ್ತು ಗೊಬ್ಬರ ಸಾಕು. 40ರಿಂದ 70 ಇದ್ದರೆ ಇರುವ ಹುಲ್ಲಿನ ಮೇಲೆಯೇ ಬೀಜ ಚೆಲ್ಲಿ. 40ಕ್ಕಿಂತ ಕಡಿಮೆಯಿದ್ದರೆ ಮಾತ್ರ ಉಳುಮೆ. ಉತ್ತಾಗ ಅಡಿಯಲ್ಲಿ ಮಲಗಿದ್ದ ಕಳೆಬೀಜವೆಲ್ಲ ಮೇಲೆ ಬರುತ್ತದೆ ಎಂಬುದು ನಿಮಗೆ ಎರಡು ಸಲ ಅನುಭವಕ್ಕೆ ಬಂದಿರಲೇಬೇಕು. ಐದೂ ತುಂಡು ಒಟ್ಟಿಗೆ ಎಬ್ಬಿಸಬೇಡಿ, ಸಲಕ್ಕೆ ಒಂದು, ಹೆಚ್ಚೆಂದರೆ ಎರಡು.

ಸುಣ್ಣ ಬೀಜಕ್ಕಿಂತ ಮೊದಲು. ಮಣ್ಣಿನ ಹುಳಿ ಎಷ್ಟೆಂದು ತೋರಿಸುವ ಪಿಎಚ್ ಅಂಕಿ 6ಕ್ಕಿಂತ ಕೆಳಗಿದ್ದರೆ ಪರೀಕ್ಷೆಯ ವರದಿ ಹೇಳಿದಷ್ಟು ಕೃಷಿ ಸುಣ್ಣ ಹಾಕಿ. ಉಳದೆ ಮೇಲೆ ಚೆಲ್ಲುವುದಾದರೆ ಒಂದು ಸಲಕ್ಕೆ ಎಕರೆಗೆ ಎರಡು ಟನ್ ಮೀರದಿರಲಿ. ಅದು ಕೆಲಸ ಮಾಡಲು ಮೂರರಿಂದ ಆರು ತಿಂಗಳು ಬೇಕು. ಸುಟ್ಟ ಸುಣ್ಣ ಬಳಸಬೇಡಿ, ಬಾಯಿಯನ್ನೂ ಚರ್ಮವನ್ನೂ ಸುಡುತ್ತದೆ. ಯೂರಿಯಾ ಹುಲ್ಲು ಬೇರೂರಿದ ಮೇಲೆ ಮಾತ್ರ: ಎಕರೆಗೆ ಸಲಕ್ಕೆ 35ರಿಂದ 45 ಕೆಜಿ, ಅಂದರೆ 16ರಿಂದ 20 ಕೆಜಿ ಸಾರಜನಕ. ಸಣ್ಣ ಮಳೆಯ ಮುಂಚೆ ಹಾಕಿ, ಇಲ್ಲವಾದರೆ ಬಿಸಿಲಿಗೆ ಅಮೋನಿಯಾ ಆಗಿ ಹಾರಿಹೋಗುತ್ತದೆ. ಆ ಮೇಲೆ ಎರಡು ಮೂರು ವಾರ ಕುದುರೆ ಅಲ್ಲಿಗೆ ಬರಬಾರದು. ಲದ್ದಿ ಜಾಗಕ್ಕೆ ಗೊಬ್ಬರ ಹಾಕಲೇಬೇಡಿ, ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ.

ಕೊನೆಗೆ ಬೀಜ. ನೇಪಿಯರ್ ಬೇಡ. ಅದು ಕೊಯ್ದು ಹಾಕುವ ಮೇವು, ತುಳಿತ ತಡೆಯುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಆಕ್ಸಲೇಟ್. ನೇಪಿಯರ್, ಸೆಟೇರಿಯಾ, ಅಂಜನ್, ಗಿನಿ, ಕಿಕುಯು ಹುಲ್ಲುಗಳಲ್ಲಿ ಆಕ್ಸಲೇಟ್ ಹೆಚ್ಚು. ಅದು ಮೇವಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಕರುಳಿಗೆ ಸಿಗದಂತೆ ಮಾಡುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆದುಬಿಡುತ್ತವೆ. ಕುದುರೆಗೆ ಆ ಹೊಟ್ಟೆಯಿಲ್ಲ. ತಿಂಗಳುಗಟ್ಟಲೆ ಅದನ್ನೇ ಮೇಯ್ದರೆ ದೇಹ ಎಲುಬಿನಿಂದ ಕ್ಯಾಲ್ಸಿಯಂ ಕೀಳುತ್ತದೆ. ಕುಂಟು, ಬಿಗಿದ ನಡಿಗೆ, ಕೊನೆಗೆ ಮುಖದ ಎಲುಬು ಎರಡೂ ಕಡೆ ಊದಿಕೊಳ್ಳುವ ಬಿಗ್ ಹೆಡ್ ರೋಗ. ಮೇವಿನ ಜೋಳ, ಸುಡಾನ್ ಹುಲ್ಲನ್ನೂ ಕುದುರೆ ಮೇಯುವಲ್ಲಿ ಬಿತ್ತಬೇಡಿ: ಅವುಗಳ ಸಯನೈಡ್ ಅಂಶದಿಂದ ಮೂತ್ರ ತೊಟ್ಟಿಕ್ಕುವುದು, ಹಿಂಗಾಲು ತತ್ತರಿಸುವುದು ಶುರುವಾದರೆ ಪೂರ್ತಿ ಗುಣವಾಗುವುದು ಕಷ್ಟ. ಮೇವಿನ ಸಲಹೆಗಳಲ್ಲಿ ಬಹುಪಾಲು ಹಾಲಿನ ಹಸುವನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಕುದುರೆಗೆ ಅವನ್ನು ಹಾಗೆಯೇ ಎತ್ತಿಕೊಳ್ಳಬೇಡಿ.

ಬಿಸಿ ಹವೆಯ ನೆಲಕ್ಕೆ ರೋಡ್ಸ್ ಹುಲ್ಲು ಮತ್ತು ಗರಿಕೆ ಒಳ್ಳೆಯ ಜೋಡಿ. ರೋಡ್ಸ್‌ನಲ್ಲಿ ಆಕ್ಸಲೇಟ್ ಕಡಿಮೆ, ಹಬ್ಬಿ ಬೋಳು ಮುಚ್ಚುತ್ತದೆ. ಗರಿಕೆ ನೆಲಕ್ಕೆ ಅಂಟಿ ಬೆಳೆಯುವುದರಿಂದ ಗೊರಸನ್ನು ತಡೆದುಕೊಳ್ಳುತ್ತದೆ, 5 ಸೆಂಟಿಮೀಟರ್‌ವರೆಗೆ ಮೇಯಿಸಿದರೂ ಸುಧಾರಿಸಿಕೊಳ್ಳುತ್ತದೆ. ತಂಪು ಹವೆಯಲ್ಲಾದರೆ ತಿಮೊಥಿ, ಮೆಡೋ ಫೆಸ್ಕ್ಯೂ, ಬಹುವಾರ್ಷಿಕ ರೈ ಹುಲ್ಲು. ಹಾಲಿನ ಹಸುಗಳಿಗೆಂದು ಸಕ್ಕರೆ ಹೆಚ್ಚಿಸಿದ ರೈ ತಳಿ ಬೇಡ, ಲ್ಯಾಮಿನೈಟಿಸ್ ಎಂಬ ಗೊರಸಿನ ಉರಿಯೂತಕ್ಕೆ ಅದು ಹತ್ತಿರದ ದಾರಿ. ಗಬ್ಬದ ಕುದುರೆ ಇದ್ದರೆ ಟಾಲ್ ಫೆಸ್ಕ್ಯೂ ಹಳೆಯ ತಳಿಯನ್ನು ದೂರವಿಡಿ. ಅದರೊಳಗಿನ ಶಿಲೀಂಧ್ರದಿಂದ ದಿನ ತುಂಬಿದರೂ ಹೆರಿಗೆಯಾಗದು, ಕೆಚ್ಚಲಿಗೆ ಹಾಲು ಬರದು.

ರೋಡ್ಸ್ ಬೀಜ ಎಕರೆಗೆ 2ರಿಂದ 3 ಕೆಜಿ. ನವಿರು ರೋಮ ಇರುವ ಹಗುರ ಬೀಜ, ಕೈಯಿಂದ ಒಂದೇ ಸಮ ಬೀಳುವುದಿಲ್ಲ; ಹತ್ತು ಪಟ್ಟು ಒಣ ಮರಳು ಬೆರೆಸಿ, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಚೆಲ್ಲಿ. ಅರ್ಧ ಸೆಂಟಿಮೀಟರ್‌ಗಿಂತ ಆಳಕ್ಕೆ ಹೋದರೆ ಮೊಳಕೆ ಮೇಲೇಳದು. ಹಾಗಾಗಿ ಕುಂಟೆ ಹೊಡೆಯಬೇಡಿ, ಮುಳ್ಳಿನ ಕೊಂಬೆ ಎಳೆದು ರೋಲರ್ ಹಾಯಿಸಿ. ಮಣ್ಣಿಗೆ ಬೀಜ ಒತ್ತಿಕೊಂಡರೆ ಮಾತ್ರ ನೀರು ಹೀರುತ್ತದೆ. ಇರುವ ಹುಲ್ಲಿನ ಮೇಲೆ ಬಿತ್ತುವುದಾದರೆ ಮೊದಲು 5 ಸೆಂಟಿಮೀಟರ್‌ಗೆ ಕತ್ತರಿಸಿ, ಮೂರನೇ ಒಂದು ಭಾಗ ಮಣ್ಣು ಕಾಣುವಷ್ಟು ಕೆರೆದು, ಆಮೇಲೆ ಚೆಲ್ಲಿ. ಆ ಹೊತ್ತಿಗೆ ಯೂರಿಯಾ ಕೊಟ್ಟರೆ ಹಳೆಯ ಹುಲ್ಲು ಸೊಕ್ಕಿ ಸಸಿಯನ್ನು ಮುಚ್ಚಿಬಿಡುತ್ತದೆ. ಗರಿಕೆಗೆ ಬೀಜಕ್ಕಿಂತ ತುಂಡೇ ಸುಲಭ: ಎರಡು ಮೂರು ಗಿಣ್ಣಿನ ಬಳ್ಳಿಯನ್ನು ಅಡಿಗೊಂದರಂತೆ, ತುದಿ ಹೊರಗಿರುವಂತೆ ಹಸಿ ಮಣ್ಣಿನಲ್ಲಿ ಊರಿ. ಮುಂದಿನ ಆರರಿಂದ ಎಂಟು ವಾರ ತೇವಕ್ಕೆ ಕೊರತೆಯಿಲ್ಲದ ಕಾಲ ಆರಿಸಿಕೊಳ್ಳಿ.

ನಿಮ್ಮ ಹಿಂದಿನ ಎರಡು ಬೆಳೆ ಹಾಳಾದದ್ದು ಬಹುಶಃ ಇದರ ಮುಂದಿನ ಹಂತದಲ್ಲಿ. ಹಸಿರು ಕಂಡ ಕೂಡಲೇ ಕುದುರೆ ಬಿಡಬಾರದು. ಹುಲ್ಲು 15–20 ಸೆಂಟಿಮೀಟರ್ ಆದಾಗ 10 ಸೆಂಟಿಮೀಟರ್‌ಗೆ ಕತ್ತರಿಸಿ; ಬುಡದಲ್ಲಿ ತೆಂಡೆ ಒಡೆದು ಪೊದೆ ಕಟ್ಟುತ್ತದೆ. ಹೀಗೆ ಎರಡು ಮೂರು ಕಟಾವು ಆದ ಮೇಲೆ ಒಂದು ಹಿಡಿ ಹುಲ್ಲನ್ನು ಕುದುರೆ ಕಚ್ಚಿ ಎಳೆಯುವಂತೆ ಜಗ್ಗಿ ನೋಡಿ. ಎಲೆ ಹರಿದು ಕೈಗೆ ಬಂದರೆ ಸಿದ್ಧ, ಬೇರು ಸಮೇತ ಬಂದರೆ ಇನ್ನೂ ತಿಂಗಳು ಬೇಕು. ಬಿತ್ತಿದಂದಿನಿಂದ ಆರು ತಿಂಗಳು ಹಿಡಿಯುವುದು ಸಾಮಾನ್ಯ. ಮೊದಲ ದಿನ ಹೊಟ್ಟೆ ತುಂಬ ಒಣಹುಲ್ಲು ತಿನ್ನಿಸಿ ಅರ್ಧ ಗಂಟೆ ಬಿಡಿ, ದಿನಕ್ಕೆ ಅರ್ಧರ್ಧ ಗಂಟೆ ಏರಿಸುತ್ತ ಹೋಗಿ. ಒಮ್ಮೆಲೇ ಎಳೆ ಹುಲ್ಲಿಗೆ ಬಿಟ್ಟರೆ ಹೊಟ್ಟೆಶೂಲೆ, ಲ್ಯಾಮಿನೈಟಿಸ್ ಎರಡಕ್ಕೂ ದಾರಿ. ಕತ್ತರಿಸಿದ ಹಸಿ ಹುಲ್ಲನ್ನು ರಾಶಿ ಹಾಕಿ ತಿನ್ನಿಸುವುದು ಅದಕ್ಕಿಂತ ಕೆಟ್ಟದ್ದು. ರಾಶಿಯಲ್ಲಿ ಕೆಲವೇ ಗಂಟೆಗೆ ಬಿಸಿಯೇರಿ ಹುಳಿಯುತ್ತದೆ.

ಕಳೆಗಳಲ್ಲಿ ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ ಕೈಗವಸು ಹಾಕಿ ಬೇರುಸಹಿತ ಕೀಳಿ. ಬೇಲಿಯಂಚಿನ ಕಣಗಿಲೆ, ಹರಳು, ಉಮ್ಮತ್ತಿ, ಲಂಟಾನ, ಸೆಣಬಿನ ಜಾತಿಯ ಕ್ರೊಟಲೇರಿಯಾ ಒಂದೂ ಉಳಿಯಬಾರದು. ಕಣಗಿಲೆಯ ಎಲೆ ಒಂದು ಹಿಡಿ ಸಾಕು ಪ್ರಾಣ ತೆಗೆಯಲು, ಒಣಗಿದ್ದರೂ ವಿಷ ಕಳೆಯುವುದಿಲ್ಲ. ಹಸಿಯಿದ್ದಾಗ ಮೂಸಿಯೂ ನೋಡದ ವಿಷಗಿಡ ಕಡಿದು ಬಾಡಿದಾಗ ಕುದುರೆಗೆ ರುಚಿಸುತ್ತದೆ. ಕಡಿದದ್ದನ್ನು ಅಂದೇ ಹೊರಗೆ ಸಾಗಿಸಿ.

ಇನ್ನು ಲದ್ದಿ. ಎರಡು ಕುದುರೆ ದಿನಕ್ಕೆ 40–50 ಕೆಜಿ ಹಾಕುತ್ತವೆ. ಬೆಚ್ಚಗಿನ ತೇವದಲ್ಲಿ ಜಂತಿನ ಮೊಟ್ಟೆ ಸುಮಾರು ವಾರದಲ್ಲಿ ಸೋಂಕು ಹರಡಬಲ್ಲ ಮರಿಯಾಗಿ ಹುಲ್ಲಿಗೆ ಏರುತ್ತದೆ. ಅಷ್ಟರೊಳಗೆ, ವಾರಕ್ಕೆ ಎರಡು ಸಲ ಲದ್ದಿ ಎತ್ತಿದರೆ ಆ ಸರಪಳಿ ತುಂಡಾಗುತ್ತದೆ, ಲದ್ದಿ ಜಾಗವೂ ನಿಧಾನಕ್ಕೆ ಮೇಯುವ ಜಾಗವಾಗುತ್ತದೆ. ಲದ್ದಿಯನ್ನು ಎತ್ತದೆ ಅಲ್ಲೇ ಎಳೆದು ಹರಡುವ ಅಭ್ಯಾಸ ಬಹಳ ಕಡೆ ಇದೆ. ಉರಿಬಿಸಿಲಿನ ಒಣಗಾಲದಲ್ಲಿ, ಆಮೇಲೆ ಕನಿಷ್ಠ ನಾಲ್ಕು ವಾರ ಆ ತುಂಡು ಖಾಲಿ ಬಿಡುವುದಾದರೆ ಮಾತ್ರ ಅದು ಸರಿ. ಮಳೆಯಲ್ಲಿ ಹರಡಿದರೆ ಜಂತನ್ನು ಇಡೀ ಪ್ಯಾಡಕ್‌ಗೆ ಬಿತ್ತಿದಂತಾಗುತ್ತದೆ. ಎತ್ತಿದ ಲದ್ದಿ ಗುಡ್ಡೆಯಲ್ಲಿ ಕಾವು ಏರಿ, ಮಗುಚಿ, ಪೂರ್ತಿ ಕಳಿತ ಮೇಲೆಯೇ ನೆಲಕ್ಕೆ ಬರಲಿ. ಪ್ರತಿ ಸುತ್ತು ಮೇಯ್ದ ಮೇಲೆ ಉಳಿದ ಒರಟು ಹುಲ್ಲನ್ನು 8–10 ಸೆಂಟಿಮೀಟರ್‌ಗೆ ಸವರಿಬಿಡಿ. ಕಳೆ ಬೀಜ ಕಟ್ಟುವುದೂ ತಪ್ಪುತ್ತದೆ.

ಪಕ್ಕದವರ ಹಸುಗಳನ್ನು ಬಿಡಬಹುದು, ಬಿಟ್ಟರೆ ಒಳ್ಳೆಯದೇ. ಕುದುರೆ ಮುಟ್ಟದ ಲದ್ದಿ ಜಾಗದ ಹುಲ್ಲನ್ನು ಹಸು ತಿನ್ನುತ್ತದೆ, ಅದರೊಂದಿಗೆ ಹೊಟ್ಟೆಗೆ ಹೋದ ಕುದುರೆ ಜಂತುಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಕುದುರೆ ಮೇಯ್ದು ಹೋದ ತುಂಡಿಗೆ, ಒಣ ನೆಲದಲ್ಲಿ, ಒಂದೆರಡು ದಿನ ಬಿಟ್ಟು, ಬಿಡುವಿನ ಲೆಕ್ಕವನ್ನು ಹಸು ಹೊರಟ ದಿನದಿಂದ ಹಿಡಿಯಿರಿ. ಒಂದೇ ಷರತ್ತು: ಹಸುಗಳ ಹಿಂಡಿ, ಖನಿಜ ಮಿಶ್ರಣ ಯಾವುದೂ ಬೇಲಿಯೊಳಗೆ ಬರಬಾರದು. ದನದ ಕೆಲವು ಮೇವುಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯದ ಸ್ನಾಯುವನ್ನು ಹಾಳುಮಾಡುತ್ತದೆ, ಸ್ವಲ್ಪವೇ ತಿಂದರೂ ಸಾಯುತ್ತದೆ, ಅದಕ್ಕೆ ಪ್ರತಿಮದ್ದಿಲ್ಲ. ಚೀಲದ ಮೇಲೆ ಆ ಹೆಸರಿದೆಯೇ ಎಂದು ಅವರಿಂದ ಕೇಳಿ ತಿಳಿದುಕೊಳ್ಳಿ, ಹಸುಗಳ ಹಿಂಡಿ ತೊಟ್ಟಿಯನ್ನು ಮಾತ್ರ ಬೇಲಿಯಾಚೆ ಅವರ ಕಡೆಯಲ್ಲೇ ಇಡಿಸಿ.